ಬಹಿಷ್ಕಾರ

ತನ್ನವನೆಂದು ಅದುವರೆಗೆ ಎಣಿಸಿಕೊಂಡಿದ್ದ ವ್ಯಕ್ತಿಯನ್ನಾಗಲಿ ಕುಟುಂಬವನ್ನಾಗಲಿ ಊಟ, ಮದುವೆ, ಮಾತು, ಬೆಂಕಿ, ನೀರು, ಶುಭಾಶುಭಕಾರ್ಯಗಳೆಂಬ ನಿತ್ಯದ ಕೊಡುಕೊಳೆಗಳಿಂದ ಸಮುದಾಯವೊಂದು ದೂರವಿರಿಸುವ ಕ್ರಮ. ಜನಸಮೂಹವೊಂದು ಯಾವುದಾದರೊಂದು ಸರಕು, ಸಭೆ, ಆಡಳಿತ ಅಥವಾ ಚುನಾವಣೆಯಿಂದ ಬುದ್ಧಿಪೂರ್ವಕವಾಗಿ ತಾನೇ ದೂರ ಸರಿಯುವುದಕ್ಕೂ ಇಂದಿನ ಕನ್ನಡದಲ್ಲಿ ಇದೇ ಹೆಸರು ಸಲ್ಲುತ್ತದೆ. ಮೊದಲನೆಯ ಅರ್ಥ ಬಹು ಪ್ರಾಚೀನವಾದುದು. ಎರಡನೆಯದು ಇಪ್ಪತ್ತನೆಯ ಶತಮಾನದ ಆದಿಭಾಗದ ರಾಜಕೀಯ ಹೋರಾಟಗಳಲ್ಲಿ ಮೈತಳೆದುದು. ಹೊರಗೆ ಹಾಕುವವರ ಕೈಯಲ್ಲಿದ್ದ ಪದವೊಂದು ಹೊರಗೆ ನಿಲ್ಲಲು ತಾವೇ ನಿಶ್ಚಯಿಸಿದವರ ಕೈಗೆ ಬಂದುದು ಹೇಗೆಂಬುದೇ ಈ ಶಬ್ದದ ಚರಿತ್ರೆಯಲ್ಲಿ ವಿಚಾರಾರ್ಹವಾದ ಅಂಶ.

ಶಬ್ದವ್ಯುತ್ಪತ್ತಿ ಸರಳವಾದುದು. 'ಹೊರಗೆ' ಎಂಬ ಅರ್ಥದ 'ಬಹಿಸ್' ಎಂಬ ಸಂಸ್ಕೃತ ಅವ್ಯಯಕ್ಕೆ 'ಮಾಡುವಿಕೆ' ಎಂಬರ್ಥದ 'ಕಾರ' ಸೇರಿ, ಇಕಾರದ ಮುಂದಿನ ವಿಸರ್ಗವು ಕವರ್ಗ ಪರವಾದಾಗ ಷಕಾರವಾಗುವುದೆಂಬ ಪಾಣಿನಿಯ ವಿಧಿಗೆ (8.3.41) ಒಳಪಟ್ಟು 'ಬಹಿಷ್ಕಾರ' ಎಂದಾಗಿದೆ. ಇದೇ ಸೂತ್ರದ ನೆರಳಿನಲ್ಲಿ ಹುಟ್ಟಿದ ಇನ್ನೊಂದು ಪದ 'ಆವಿಷ್ಕಾರ'. ಒಂದು ಹೊರಗಟ್ಟುವುದನ್ನೂ ಇನ್ನೊಂದು ಬೆಳಕಿಗೆ ತರುವುದನ್ನೂ ಹೇಳುತ್ತಿದ್ದರೂ ವ್ಯಾಕರಣದ ಲೆಕ್ಕದಲ್ಲಿ ಇವೆರಡೂ ಒಡಹುಟ್ಟುಗಳು. ಬಹಿರಂಗ, ಬಹಿರ್ಮುಖ, ಬಾಹ್ಯ ಮುಂತಾದುವು ಅದೇ ಮನೆತನದ ಮಾತುಗಳು. ದೇಶ್ಯಕನ್ನಡದಲ್ಲಿ ಈ ಭಾವವನ್ನು ಹೊತ್ತಿರುವುದು ಹಳಗನ್ನಡದ 'ಪೊಱ', ಅಂದರೆ ಈಗಿನ 'ಹೊರ'. ಉದಾಹರಣೆಗೆ, ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿಯೂ, ಅದಕ್ಕೆ ಹೊಂದಿಕೊಂಡ ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣಗಳ ಸೀಮೆಯಲ್ಲಿಯೂ ಬಹಿಷ್ಕಾರವೆಂಬ ಪದವು ವೃತ್ತಪತ್ರಿಕೆಯ ಹಾಗೂ ಪೋಲೀಸು ಠಾಣೆಯ ಮಾತಾಗಿಯೇ ಹೆಚ್ಚಾಗಿ ಕೇಳಿಬರುತ್ತದೆ; ಜಗುಲಿಯ ಮೇಲಿನ ಮಾತಿನಲ್ಲಿ ಅದರ ಸುಳಿವು ಕಡಮೆ. ಅಲ್ಲಿಯ ಜನ 'ಅವರನ್ನ ಹೊರಗಿಟ್ಟವ್ರೆ' ಎನ್ನುತ್ತಾರೆ, 'ಕುಲದಿಂದ ಹೊರಕ್ಕೆ ಹಾಕವ್ರೆ' ಎನ್ನುತ್ತಾರೆ. ಮುನಿಸಿನ ಕಾರಣವನ್ನು ಹೇಳಲೊಲ್ಲದವರು 'ಅವರ ಮನೆಗೆ ಹೋಗೋದೂ ಇಲ್ಲ, ಬರೋದೂ ಇಲ್ಲ' ಎಂದು ಮಾತನ್ನು ಅಲ್ಲಿಗೇ ಮುಗಿಸುತ್ತಾರೆ. ಶಾಸ್ತ್ರೀಯ ಪದಕ್ಕಿಂತಲೂ ಈ ಮಾತುಗಳಲ್ಲಿ ವಸ್ತುಸ್ಥಿತಿಯು ಹೆಚ್ಚು ನಿಚ್ಚಳವಾಗಿ ಕಾಣುವುದೆಂಬುದು ಈ ಲೇಖಕನ ಅಭಿಪ್ರಾಯ. ಏತಕ್ಕೆಂದರೆ ಹೋಗುವುದು ಬರುವುದು ನಿಂತಿತೆಂಬುದೇ ಶಿಕ್ಷೆಯ ಇಡಿಯ ಸ್ವರೂಪ.

ಸಮೀಪಾರ್ಥದ ಪದಗಳಿಂದ ಬಹಿಷ್ಕಾರವನ್ನು ಬೇರ್ಪಡಿಸಿ ನೋಡದಿದ್ದರೆ ಅದರ ಲಕ್ಷಣವು ಸ್ಪಷ್ಟವಾಗದು. ಇವುಗಳಲ್ಲಿ ಮುಖ್ಯವಾದುದು 'ನಿಷೇಧ'. 'ನಿ' ಎಂಬ ಉಪಸರ್ಗದೊಡನೆ 'ಸಿಧ್' ಧಾತು ಸೇರಿ ಆದ ಈ ಪದವು ತಡೆ ಎಂಬ ಅರ್ಥದ್ದು; ಮೀಮಾಂಸಕರು ವೇದವಾಕ್ಯಗಳನ್ನು ವಿಧಿ, ಮಂತ್ರ, ನಾಮಧೇಯ, ನಿಷೇಧ, ಅರ್ಥವಾದಗಳೆಂದು ಐದಾಗಿ ವಿಂಗಡಿಸುವಾಗ, ಪುರುಷನನ್ನು ಒಂದು ಕ್ರಿಯೆಯಿಂದ ಹಿಂದೆಗೆಯುವಂತೆ ಮಾಡುವ ವಾಕ್ಯಕ್ಕೆ ಈ ಹೆಸರನ್ನಿತ್ತಿದ್ದಾರೆ. ಕಲಂಜವೆಂಬ ನಿಷಿದ್ಧ ತಿನಿಸನ್ನು ತಿನ್ನಬಾರದೆಂಬುದು ಅವರು ಮತ್ತೆ ಮತ್ತೆ ಕೊಡುವ ನಿದರ್ಶನ. ಇಲ್ಲಿ ತಡೆಗೊಳಗಾಗುವುದು ತಿನ್ನುವಿಕೆಯೆಂಬ ಕ್ರಿಯೆಯೇ ಹೊರತು ತಿನ್ನುವವನಲ್ಲ. ಬಹಿಷ್ಕಾರದಲ್ಲಾದರೋ ಕ್ರಿಯೆಯು ಎಂದೋ ನಡೆದುಹೋಗಿದೆ, ಅಥವಾ ನಡೆಯಿತೆಂದು ಜನ ನಂಬಿದ್ದಾರೆ. ಈಗ ತಡೆಗೊಳಗಾಗುವವನು ಅದನ್ನು ಮಾಡಿದ ಮನುಷ್ಯ, ಅವನೊಡನೆ ಅವನ ಹೆಂಡಿರು ಮಕ್ಕಳು, ಎಷ್ಟೋ ವೇಳೆ ಅವನ ಮನೆಯಲ್ಲಿ ಉಂಡ ನೆಂಟರು.

ಸಂಸ್ಕೃತದ 'ಆಜ್ಞಾ' ಎಂಬುದರಿಂದ ಪ್ರಾಕೃತದ ಮೂಲಕ ಬಂದ 'ಆಣೆ' ಎಂಬ ತದ್ಭವವೂ ಈ ಪ್ರಸಂಗದಲ್ಲಿ ಸ್ಮರಣೀಯ. ಅರಸನ ಹೆಸರಿನಲ್ಲಿಯೋ ದೈವದ ಹೆಸರಿನಲ್ಲಿಯೋ ಆಣೆಯಿಟ್ಟರೆ, ಆ ಹೆಸರನ್ನು ಮೀರಿದ ಪಾಪಕ್ಕೆ ಅಂಜಿ ಎದುರಾಳಿಯು ನಿಂತಲ್ಲಿ ನಿಲ್ಲಬೇಕೆಂಬುದು ಅದರ ಹಿಂದಿನ ನಂಬುಗೆ. ಇಂದು ನ್ಯಾಯಾಲಯಗಳು ಕೊಡುವ 'ತಡೆಯಾಜ್ಞೆ'ಯಲ್ಲಿ ಅದೇ ಮೂಲದ ತತ್ಸಮವು ಮರಳಿ ಬಂದು ಕುಳಿತಿದೆ. ರಾಜ್ಯಾಡಳಿತವು ವ್ಯಕ್ತಿಯನ್ನು ಸೀಮೆಯಾಚೆಗೆ ಕಳುಹಿಸುವುದು 'ಗಡಿಪಾರು'. ಪಕ್ಷದವರು ತಮ್ಮ ಸದಸ್ಯನನ್ನು ಹೊರಹಾಕುವುದು 'ಉಚ್ಚಾಟನೆ'. ಮಾರಣ, ಮೋಹನ, ಸ್ತಂಭನಾದಿ ಆಭಿಚಾರಿಕ ಷಟ್ಕರ್ಮಗಳಲ್ಲಿ ಒಂದಾಗಿದ್ದ ಮಾತು ರಾಜಕೀಯಕ್ಕೆ ಬಂದುದನ್ನು ಕಂಡು ಮಾಂತ್ರಿಕರು ಸಂತೋಷಪಡುವರೋ ದುಃಖಿಸುವರೋ ಹೇಳಲಾಗದು.

ನಿಷೇಧಕ್ಕೆ ಪ್ರಭುವೊಬ್ಬನು ಸಾಕು, ಬಹಿಷ್ಕಾರಕ್ಕೆ ಊರೆಲ್ಲವೂ ಬೇಕು ಎಂಬ ಭೇದಕ್ಕೆ ಮೈಸೂರು ಸೀಮೆಯ ಇತಿಹಾಸವೇ ಸಾಕ್ಷಿಯಾಗಿದೆ. ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದಿಂದ ಆಳುತ್ತಿದ್ದಾಗ, 1787ರಲ್ಲಿ, ತನ್ನ ಅಧಿಕಾರಿಯಾದ ಮೀರ್ ಸಾದಕನಿಗೆ ಬರೆಯಿಸಿದ ಪತ್ರದಲ್ಲಿ ಪಾನನಿಷೇಧವನ್ನು ಪ್ರಸ್ತಾಪಿಸಿದನು. ಅದು ಬೊಕ್ಕಸದ ವರಮಾನಕ್ಕೆ ಸಂಬಂಧಪಟ್ಟ, ಮೇಲಿನಿಂದ ಕೆಳಕ್ಕೆ ಇಳಿದುಬಂದ ಆಜ್ಞೆ. 1938ರ ಏಪ್ರಿಲ್ ತಿಂಗಳಿನಲ್ಲಿ ಮದ್ದೂರಿನ ಸಮೀಪದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಪ್ರಥಮ ಅಧಿವೇಶನವು ನೆರೆದಾಗ ರಾಷ್ಟ್ರಧ್ವಜವನ್ನು ಏರಿಸಕೂಡದೆಂದು ಸರ್ಕಾರವು ನಿಷೇಧಾಜ್ಞೆಯನ್ನು ಹೊರಡಿಸಿತು. ಕಾಂಗ್ರೆಸ್ ನಾಯಕರಾದ ಟಿ. ಸಿದ್ದಲಿಂಗಯ್ಯನವರು 11ನೆಯ ತಾರೀಖಿನಂದು ಧ್ವಜವನ್ನೇರಿಸಿ ಬಂಧನಕ್ಕೊಳಗಾದರು. ಅವರ ಹಿಂದೆ ಇತರರೂ ಆಜ್ಞೆಯನ್ನು ಮುರಿದರು. ಸಾವಿರಾರು ಮಂದಿ ಒಟ್ಟಾಗಿ ಮೀರಿದರೆ ಸರ್ಕಾರದ ನಿಷೇಧವು ಮುರಿದುಬೀಳುವುದೆಂಬುದನ್ನು ಅಂದು ಶಿವಪುರದವರು ತೋರಿಸಿದರಷ್ಟೆ. ಬಹಿಷ್ಕೃತನಿಗೆ ಆ ಸೌಲಭ್ಯವಿಲ್ಲ. ಅವನು ಮುರಿಯಬೇಕಾದ ಆಜ್ಞೆಯು ಯಾವ ಕಾಗದದ ಮೇಲೂ ಇಲ್ಲ; ನೆರೆಮನೆಯವನು ಮುಖ ತಿರುಗಿಸಿದರೆ ಆ ಮುಖವನ್ನು ಮರಳಿ ತನ್ನತ್ತ ತಿರುಗಿಸಿಕೊಳ್ಳಲು ಸತ್ಯಾಗ್ರಹದಿಂದಲೂ ಸಾಧ್ಯವಿಲ್ಲ.

ಧರ್ಮಶಾಸ್ತ್ರಕಾರರು ಈ ಹೊರಗಿಡುವಿಕೆಗೆ ಕೊಟ್ಟ ವಿಧಿರೂಪವು ಅತ್ಯಂತ ಕಠೋರವಾದುದು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದ ಪ್ರಕಾರ, ಮಹಾಪಾತಕದಿಂದ ಪತಿತನಾದವನು ಬದುಕಿರುವಾಗಲೇ ಅವನ ಸಪಿಂಡರೂ ಬಾಂಧವರೂ ಊರ ಹೊರಗೆ ನೆರೆದು, ನಿಂದಿತವಾದ ದಿನದ ಸಂಜೆಯಲ್ಲಿ, ಜ್ಞಾತಿಗಳೂ ಋತ್ವಿಜರೂ ಗುರುವೂ ನೋಡುತ್ತಿರಲು, ಸತ್ತವನಿಗೆಂಬಂತೆ ಉದಕಕ್ರಿಯೆಯನ್ನು ನಡೆಸತಕ್ಕದ್ದು. ದಾಸಿಯೊಬ್ಬಳು ನೀರು ತುಂಬಿದ ಗಡಿಗೆಯನ್ನು ಕಾಲಿನಿಂದ ಒದ್ದು ಉರುಳಿಸತಕ್ಕದ್ದು. ತರುವಾಯ ಒಂದು ಹಗಲು ಒಂದು ಇರುಳು ಸೂತಕ. ಅಲ್ಲಿಂದ ಮುಂದೆ ಅವನೊಡನೆ ಸಂಭಾಷಣೆಯಿಲ್ಲ, ಸಹಾಸನವಿಲ್ಲ, ದಾಯಭಾಗವೂ ಇಲ್ಲ. ಪ್ರಾಯಶ್ಚಿತ್ತವನ್ನು ಮಾಡಿಕೊಂಡವನನ್ನು ಮರಳಿ ಸ್ವೀಕರಿಸುವಾಗ ಎಲ್ಲರೂ ಅವನೊಡನೆ ಪುಣ್ಯಜಲದಲ್ಲಿ ಮಿಂದು ಹೊಸದಾದ ನೀರುಗಡಿಗೆಯನ್ನು ಆ ನೀರಿಗೆ ಹಾಕುವರು. ಈ ಘಟಸ್ಫೋಟಕ್ಕೆ ಘಟಶ್ರಾದ್ಧವೆಂದೂ ಹೆಸರುಂಟು; ಯು. ಆರ್. ಅನಂತಮೂರ್ತಿಯವರ ಕಥೆಯಿಂದಲೂ, ಗಿರೀಶ ಕಾಸರವಳ್ಳಿಯವರು 1977ರಲ್ಲಿ ತೆಗೆದ ಚಲನಚಿತ್ರದಿಂದಲೂ ಈ ಶಬ್ದವು ವೈದಿಕರ ಮನೆಗಳಾಚೆಗೆ ಕನ್ನಡನಾಡಿಗೆಲ್ಲ ಪರಿಚಿತವಾಯಿತು. ಅದೇ ಲೇಖಕರ 'ಸಂಸ್ಕಾರ' ಕಾದಂಬರಿಯ (1965) ಕಥೆಯು ಬಹಿಷ್ಕಾರದ ಮೇಲಲ್ಲ, ಬಹಿಷ್ಕಾರವು ನಡೆಯದೆ ಹೋದುದರ ಮೇಲೆ ನಿಂತಿರುವುದನ್ನು ಗಮನಿಸಬೇಕು: ಹೊರಹಾಕಿದರೆ ಮುಸಲ್ಮಾನನಾಗಿ ಅಗ್ರಹಾರದಲ್ಲಿಯೇ ಉಳಿಯುವೆನೆಂದು ನಾರಣಪ್ಪನು ಬೆದರಿಸಿದುದರಿಂದ ಬ್ರಾಹ್ಮಣರ ಕೈ ಕಟ್ಟಿಹೋಗುತ್ತದೆ, ಅವನ ಶವದ ಮುಂದೆ ಅವರು ಧರ್ಮಸಂಕಟಕ್ಕೆ ಸಿಕ್ಕಿಕೊಳ್ಳುತ್ತಾರೆ. ಹೋಗಲು ಬೇರೊಂದು ತಾಣವುಳ್ಳವನ ಮೇಲೆ ಈ ಅಸ್ತ್ರವು ನಾಟದೆಂಬುದಕ್ಕೆ ಇದಕ್ಕಿಂತ ಸಮರ್ಪಕವಾದ ಸಾಹಿತ್ಯನಿದರ್ಶನವು ದುರ್ಲಭ.

ಅನ್ಯದೇಶಗಳಲ್ಲಿಯೂ ಇಂಥ ಪದ್ಧತಿಗಳಿದ್ದುವು. ಪ್ರಾಚೀನ ಅಥೆನ್ಸಿನ ಪೌರರು ಮಡಕೆಯ ಚೂರುಗಳ ಮೇಲೆ ಹೆಸರು ಗೀಚಿ, 6000 ಚೂರುಗಳು ಬಿದ್ದಾಗ, ಪ್ರಬಲನಾದ ಪುರುಷನೊಬ್ಬನನ್ನು ಹತ್ತು ವರ್ಷ ಪಟ್ಟಣದಿಂದ ಹೊರಗಿರಿಸುತ್ತಿದ್ದರು. ಆದರೆ ಅವನ ಆಸ್ತಿಗೆ ಚ್ಯುತಿ ಬರುತ್ತಿರಲಿಲ್ಲ, ಮಾನಕ್ಕೂ ಅಷ್ಟಾಗಿ ಬರುತ್ತಿರಲಿಲ್ಲ. ರೋಮಿನವರ ಶಾಸನದಲ್ಲಿ ದೇಶಭ್ರಷ್ಟನಿಗೆ ವಿಧಿಸುತ್ತಿದ್ದುದು 'ನೀರು ಬೆಂಕಿಗಳ ತಡೆ'. ನಮ್ಮ ಹಳ್ಳಿಗಳಲ್ಲಿ ಹೊರಗಿಟ್ಟ ಮನೆಗೆ ಒಲೆಯ ಕೆಂಡವನ್ನೂ ಬಾವಿಯ ನೀರನ್ನೂ ಕೊಡದಿದ್ದುದರೊಡನೆ ಇದು ಅಕ್ಷರಶಃ ಹೊಂದುವುದು ಆಶ್ಚರ್ಯಕರ. ಅದೇ ರೋಮಿನಲ್ಲಿ ಸೇನಾನಿ ಸುಲ್ಲನು ಕ್ರಿಸ್ತಪೂರ್ವ 82ರಲ್ಲಿ ತನ್ನ ವಿರೋಧಿಗಳ ಹೆಸರುಗಳನ್ನು ಬರೆದು ಬಯಲಿಗಿಟ್ಟನು; ಪಟ್ಟಿಯಲ್ಲಿ ಹೆಸರುಳ್ಳವನನ್ನು ಯಾರು ಕೊಂದರೂ ದೋಷವಿರಲಿಲ್ಲ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಕಾನೂನಿನ ರಕ್ಷಣೆಯನ್ನು ಕಳೆದುಕೊಂಡವನಿಗೆ ತೋಳನ ತಲೆಯವನೆಂದು ಹೆಸರು.

ಕರ್ನಾಟಕದ ಶಾಸನಗಳಲ್ಲಿ ಈ ಭಾವನೆಯು 'ದ್ರೋಹಿ' ಎಂಬ ಪದದ ಸುತ್ತ ಹೆಣೆದುಕೊಂಡಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ವಿಜಯನಗರದ ಬುಕ್ಕರಾಯನು ಇತ್ಯರ್ಥಪಡಿಸಿ ಶ್ರವಣಬೆಳಗೊಳದಲ್ಲಿ ಹಾಕಿಸಿದ ಪ್ರಸಿದ್ಧ ಶಾಸನದಲ್ಲಿ, ತಿರುನಾರಾಯಣಪುರವೆಂಬ ಹೆಸರಿನಿಂದ ಮೇಲುಕೋಟೆಯೂ ಉಲ್ಲೇಖಗೊಂಡಿದೆ. ಒಪ್ಪಂದವನ್ನು ಕೆಡಿಸಿದವನು ರಾಜದ್ರೋಹಿ, ಸಂಘದ್ರೋಹಿ, ಸಮುದಾಯದ್ರೋಹಿ ಎಂದು ಅಲ್ಲಿ ಸಾರಲಾಗಿದೆ. ಈ ಮೂರು ವಿಶೇಷಣಗಳ ಅನುಕ್ರಮವನ್ನು ಬರಿಯ ಆಲಂಕಾರಿಕ ಪುನರುಕ್ತಿಯೆಂದು ಭಾವಿಸಲಾಗದು. ಅರಸನಿಗೆ ಮಾಡಿದ ದ್ರೋಹಕ್ಕೆ ಅರಸನು ದಂಡಿಸುವನು. ಸಂಘಕ್ಕೂ ಸಮುದಾಯಕ್ಕೂ ಮಾಡಿದ ದ್ರೋಹಕ್ಕೆ ಅವೇ ದಂಡಿಸತಕ್ಕುವು, ಅವುಗಳ ಕೈಯಲ್ಲಿರುವ ದಂಡವು ಹೊರಗಿಡುವಿಕೆಯೊಂದೇ.

ಆ ದಂಡವನ್ನು ಹಳೆಯ ಮೈಸೂರಿನ ಗ್ರಾಮಾಂತರದಲ್ಲಿ ಪ್ರಯೋಗಿಸುತ್ತಿದ್ದ ಸಂಸ್ಥೆಗೆ 'ಕಟ್ಟೆಮನೆ' ಎಂದು ಹೆಸರು. ಕುಲದ ಹಲವು ಊರುಗಳನ್ನು ಕೂಡಿಸಿ ಒಂದು ಕಟ್ಟೆಮನೆ, ಅದಕ್ಕೆ ವಂಶಪಾರಂಪರ್ಯವಾಗಿ ಬಂದ ಗೌಡ ಅಥವಾ ಯಜಮಾನ, ಅವನ ಕೈಕೆಳಗೆ ಸಭೆಗೆ ಕರೆಕಳುಹಿಸುವ ಸೇವಕ. ಹದಿನೆಂಟು ಪಣದವರೆಂಬ ಜಾತಿಕೂಟದ ಪರವಾಗಿ ಅದರ ಲಾಂಛನವಾದ ಗಂಟೆಬಟ್ಟಲನ್ನು ಹಿಡಿಯುತ್ತಿದ್ದ ಚಲವಾದಿಯೂ ಈ ವ್ಯವಸ್ಥೆಯ ಅಂಗವೇ ಆಗಿದ್ದನು. ಮೈಸೂರು ವಿಶ್ವವಿದ್ಯಾನಿಲಯದ ಪ್ರಥಮ ಕುಲಪತಿಗಳೂ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲನೆಯ ಅಧ್ಯಕ್ಷರೂ ಆಗಿದ್ದ ಎಚ್. ವಿ. ನಂಜುಂಡಯ್ಯನವರು ಸಂಗ್ರಹಿಸಿ, ಅವರ ಅನಂತರ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಮುಂದುವರಿಸಿ, 1928ರಿಂದ 1935ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರಬಂದ ಮೈಸೂರಿನ ಜಾತಿಬುಡಕಟ್ಟುಗಳ ಗ್ರಂಥದಲ್ಲಿ ಈ ಸಭೆಗಳ ರೀತಿನೀತಿಗಳು ಜಾತಿಜಾತಿಗೂ ವಿವರವಾಗಿ ನಿರೂಪಿತವಾಗಿವೆ. ವ್ಯಭಿಚಾರ, ಕುಲದಾಚೆಯ ಸಂಬಂಧ, ನಿಷಿದ್ಧರ ಮನೆಯಲ್ಲಿ ಊಟ, ಕಟ್ಟೆಮನೆಯ ತೀರ್ಪಿಗೆ ತಲೆಬಾಗದಿರುವಿಕೆ ಇವೇ ಸಾಮಾನ್ಯವಾದ ಅಪರಾಧಗಳು. ಇವುಗಳಲ್ಲಿ ಕೊನೆಯದನ್ನು ಎಲ್ಲಕ್ಕಿಂತ ಹಿರಿದಾಗಿ ಎಣಿಸುತ್ತಿದ್ದರೆಂದು ತೋರುತ್ತದೆ. ತಪ್ಪು ಮಾಡಿದವನು ದಂಡ ಕಟ್ಟಿ ಒಳಗೆ ಬರುತ್ತಿದ್ದನು, ದಂಡ ಕಟ್ಟಲೊಲ್ಲದವನು ಮಾತ್ರ ಹೊರಗೇ ಉಳಿಯುತ್ತಿದ್ದನು.

ಇದಕ್ಕಿಂತ ಒಂದು ಶತಮಾನಕ್ಕೂ ಹಿಂದಿನ ಎರಡು ಸಾಕ್ಷ್ಯಗಳು ಶ್ರೀರಂಗಪಟ್ಟಣದ ಸುತ್ತಿನವೇ ಆಗಿವೆ. ಟಿಪ್ಪುವಿನ ಪತನಾನಂತರ, 1800ರಲ್ಲಿ, ಕಂಪೆನಿ ಸರ್ಕಾರದ ಅಪ್ಪಣೆಯಂತೆ ಈ ಸೀಮೆಯಲ್ಲಿ ಸಂಚರಿಸಿದ ವೈದ್ಯ ಫ್ರಾನ್ಸಿಸ್ ಬುಕಾನನನು, ಪ್ರತಿಯೊಂದು ಜಾತಿಯ ಮುಖಂಡರನ್ನೂ ಕರೆಸಿ ಪ್ರಶ್ನಿಸಿ, ಕುಲದ ಯಜಮಾನನು ಸಭೆಯನ್ನು ಕೂಡಿಸಿ ತಪ್ಪಿತಸ್ಥನಿಗೆ ದಂಡ ವಿಧಿಸುವುದನ್ನೂ ಹೊರಹಾಕುವುದನ್ನೂ ಬರೆದಿಟ್ಟನು. ಆಬೆ ದುಬುವಾ ಎಂಬ ಫ್ರೆಂಚ್ ಪಾದ್ರಿಯು 1799ರ ತರುವಾಯ ಶ್ರೀರಂಗಪಟ್ಟಣಕ್ಕೆ ಬಂದು, ಗಂಜಾಮಿನ ಕ್ರೈಸ್ತರ ನಡುವೆ ಬಹುಕಾಲ ಕಳೆದು, ಈ ದೇಶದ ಆಚಾರಗಳ ಮೇಲೆ ಬರೆದ ಗ್ರಂಥದ ಹಸ್ತಪ್ರತಿಯನ್ನು ಕಂಪೆನಿಯವರು ಕೊಂಡುಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಜಾತಿಯಿಂದ ಹೊರಬಿದ್ದವನ ದುರವಸ್ಥೆಯನ್ನು ವರ್ಣಿಸುವಾಗ ಆತನ ಲೇಖನಿಯು ಎಂದಿನ ತಿರಸ್ಕಾರವನ್ನು ಬಿಟ್ಟು ಕನಿಕರದತ್ತ ತಿರುಗುತ್ತದೆ. ತಂದೆತಾಯಿಗಳೇ ಮಗನನ್ನು ಮರೆಯುವ ಈ ಶಿಕ್ಷೆಯು ಮರಣಕ್ಕಿಂತ ಘೋರವೆಂಬುದು ಆತನ ಭಾವ. ಹಾಗಿದ್ದರೂ ಜನಗಳನ್ನು ಸನ್ನಡತೆಯಲ್ಲಿಡಲು ಜಾತಿಯ ಈ ಭಯವು ಉಪಯುಕ್ತವೆಂದು ಆತನು ನಂಬಿದ್ದನು. ಮತಾಂತರಿಗಳನ್ನು ಹೊರಹಾಕುವ ಪದ್ಧತಿಯಿಂದ ತನ್ನ ಕೆಲಸಕ್ಕೇ ಅಡ್ಡಿಯಾಗುತ್ತಿದ್ದರೂ ಪಾದ್ರಿಯೊಬ್ಬನು ಅದನ್ನು ಹೊಗಳಿರುವುದು ಕುತೂಹಲಕರವಾಗಿದೆ.

ಒಳಗೆ ಸೇರಿಸಿಕೊಳ್ಳುವ ಕ್ರಮವೂ ಗಮನಾರ್ಹ. ತಪ್ಪುಕಾಣಿಕೆಯನ್ನು ಒಪ್ಪಿಸಿ, ಕುಲದ ಮುಂದೆ ಅಡ್ಡಬಿದ್ದು, ಕಾಯಿಸಿದ ಚಿನ್ನದ ಚೂರಿನಿಂದ ನಾಲಿಗೆಯ ತುದಿಯನ್ನು ಸುಡಿಸಿಕೊಂಡು, ತೀರ್ಥವನ್ನೋ ಪಂಚಗವ್ಯವನ್ನೋ ಕುಡಿದು, ಕೊನೆಗೆ ಕುಲದವರಿಗೆಲ್ಲ ಊಟವಿಕ್ಕತಕ್ಕದ್ದು. ಇವುಗಳಲ್ಲಿ ಸುಡುವುದೂ ಕುಡಿಯುವುದೂ ಶುದ್ಧಿಯ ಸಂಕೇತಗಳು. ನಿಜವಾದ ತೀರ್ಪು ಊಟದ್ದೇ. ಅಂದು ಅವನ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕುಳಿತವರು ಅನಂತರ ಅವನನ್ನು ಹೊರಗಿನವನೆನ್ನಲಾರರು. ಬಡವನಾದವನಿಗೆ ಈ ಔತಣದ ವೆಚ್ಚವೇ ಹೊರಗುಳಿಯುವುದಕ್ಕೆ ಎರಡನೆಯ ಕಾರಣವಾಗುತ್ತಿದ್ದುದನ್ನು ಶುದ್ಧಿಯನ್ನು ಕುರಿತು ಬರೆದವರು ಸಾಕಷ್ಟು ಗಮನಿಸಿಲ್ಲ.

ಶಿಕ್ಷೆಯು ನಾಟುತ್ತಿದ್ದ ಬಗೆಯನ್ನು ತಿಳಿಯಲು ಶಾಸ್ತ್ರಕ್ಕಿಂತ ಬೇಸಾಯವನ್ನು ನೋಡಬೇಕು. ಆಯಗಾರರ ಪದ್ಧತಿಯಲ್ಲಿ ಅಗಸ, ಕೆಲಸಿ, ಕಮ್ಮಾರ, ಬಡಗಿ ಮುಂತಾದವರಿಗೆ ಸುಗ್ಗಿಯ ಕಾಲದಲ್ಲಿ ಪ್ರತಿ ಒಕ್ಕಲಿನ ಕಣದಿಂದಲೂ ಧಾನ್ಯವು ಸಲ್ಲುತ್ತಿತ್ತು. ಊರು ಒಂದು ಮಾತು ಹೇಳಿದರೆ ಅಗಸನು ಆ ಮನೆಯ ಬಟ್ಟೆಯನ್ನು ಮುಟ್ಟುತ್ತಿರಲಿಲ್ಲ, ಕಮ್ಮಾರನು ಗುಳವನ್ನು ಹದಮಾಡಿಕೊಡುತ್ತಿರಲಿಲ್ಲ, ಹೆಣ ಬಿದ್ದರೆ ಹೊರುವವರಿರುತ್ತಿರಲಿಲ್ಲ, ನೆಟ್ಟಿಯ ಕಾಲಕ್ಕೆ ಮುಯ್ಯಾಳುಗಳು ಬರುತ್ತಿರಲಿಲ್ಲ. ಬಿತ್ತನೆಯ ಹದ ತಪ್ಪಿದರೆ ವರುಷದ ಅನ್ನವೇ ತಪ್ಪುವ ಬಯಲಿನಲ್ಲಿ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಮೈಸೂರು ಸೀಮೆಯ ಗ್ರಾಮವೊಂದರಲ್ಲಿ 1948ರಲ್ಲಿ ನೆಲಸಿ ಅಧ್ಯಯನ ನಡೆಸಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು, ಅಗಸರ ಜಾತಿಕಲಹವೊಂದನ್ನು ಕುರಿತು 1954ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಹೀಗೆ ಸೇವೆಗಳನ್ನು ನಿಲ್ಲಿಸುವ ಜಾತಿಯವರೂ ತಮ್ಮೊಳಗೆ ಅದೇ ದಂಡವನ್ನು ಪ್ರಯೋಗಿಸಿಕೊಳ್ಳುತ್ತಿದ್ದುದು ಕಂಡುಬರುತ್ತದೆ.

ಅದೇ ದಶಕದಲ್ಲಿ, 1954ರಿಂದ 1956ರವರೆಗೆ, ಮಂಡ್ಯದ ಸುತ್ತ ವಿಶ್ವೇಶ್ವರಯ್ಯ ನಾಲೆಯು ತಂದ ಬದಲಾವಣೆಗಳನ್ನು ಪರಿಶೀಲಿಸಿದ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬಾಕೆಯು ತಾನು 'ವಂಗಲ' ಎಂಬ ಕಲ್ಪಿತನಾಮದಿಂದ ಕರೆದ ಹಳ್ಳಿಯ ಪ್ರಸಂಗವೊಂದನ್ನು ದಾಖಲಿಸಿದ್ದಾಳೆ. ಅಲ್ಲಿಯ ಆದಿಕರ್ನಾಟಕರು ತಾವೇ ನಾಟಕವೊಂದನ್ನು ಆಡಲು ಹೊರಟರು. ರಾಜನ ವೇಷದವನು ಸಿಂಹಾಸನದ ಮೇಲೆ ಕುಳಿತರೆ ನೆಲದ ಮೇಲೆ ಕುಳಿತ ಒಕ್ಕಲಿಗ ಪ್ರೇಕ್ಷಕರಿಗಿಂತ ಎತ್ತರದಲ್ಲಿರುವನೆಂಬುದು ಕಲಹಕ್ಕೆ ಕಾರಣವಾಗಿ, ಊರಿನವರು ಅವರನ್ನು ಕೂಲಿಗೆ ಕರೆಯದೆ ಶಿಕ್ಷಿಸಲು ಹೊರಟರು. ನಮ್ಮ ವಿಷಯದ ಮರ್ಮವೆಲ್ಲವೂ ಈ ಒಂದು ಪ್ರಸಂಗದಲ್ಲಿ ಅಡಗಿದೆಯೆನ್ನಬಹುದು. ನಾಲೆಯ ನೀರು ಬಂದ ಮೇಲೆ ಕಬ್ಬಿನ ಗದ್ದೆಗೆ ಆಳು ಬೇಕು. ಆಳಿಗೆ ಕೂಲಿ ಬೇಕು. ಬೇಕೆಂಬುದು ಎರಡು ಕಡೆಗೂ ಇರುವಾಗ ಬಹಿಷ್ಕಾರವೆಂಬುದು ಯಾರು ಹೆಚ್ಚು ದಿನ ಕಾಯಬಲ್ಲರೆಂಬ ಪಂದ್ಯವಾಗುತ್ತದೆ. ಸಾಮಾನ್ಯವಾಗಿ ಕಣಜವುಳ್ಳವನೇ ಕಾಯಬಲ್ಲನು.

ಒಳಗಿದ್ದವನನ್ನು ಹೊರಗಿಡುವುದು ಬಹಿಷ್ಕಾರವಾದರೆ, ಹುಟ್ಟಿದಂದಿನಿಂದಲೇ ಊರಾಚೆಯ ಕೇರಿಯಲ್ಲಿರಿಸಲ್ಪಟ್ಟವರ ಸ್ಥಿತಿಗೆ ಏನೆನ್ನಬೇಕು? ರಾಮಾನುಜಾಚಾರ್ಯರ ಅನುಗ್ರಹವೆಂದು ಹೇಳಲಾಗುವ ವ್ಯವಸ್ಥೆಯಂತೆ ಮೇಲುಕೋಟೆಯಲ್ಲಿ ಇಂಥವರೇ ಆದ 'ತಿರುಕುಲದವ'ರಿಗೆ ವರ್ಷದ ಗೊತ್ತಾದ ಕೆಲವು ದಿನಗಳಲ್ಲಿ ದೇವಾಲಯ ಪ್ರವೇಶವಿತ್ತು. ಉಳಿದ ದಿನಗಳ ತಡೆಯನ್ನು ಆ ಕೆಲವು ದಿನಗಳು ಇನ್ನಷ್ಟು ಎದ್ದು ಕಾಣುವಂತೆ ಮಾಡಿದ್ದುವೆಂದರೆ ಆಚಾರ್ಯರ ಔದಾರ್ಯಕ್ಕೆ ಕುಂದಿಲ್ಲ. ಇಂಥವರನ್ನು 'ಬಹಿಷ್ಕೃತ'ರೆಂದು ಹೆಸರಿಸಿ ಆ ಪದಕ್ಕೆ ಹೊಸ ತೇಜಸ್ಸನ್ನಿತ್ತವರು ಡಾ. ಬಿ. ಆರ್. ಅಂಬೇಡ್ಕರ್ ಅವರು. 1924ರಲ್ಲಿ ಬಹಿಷ್ಕೃತ ಹಿತಕಾರಿಣೀ ಸಭೆಯನ್ನು ಸ್ಥಾಪಿಸಿ, 1925ರಲ್ಲಿ ಕನ್ನಡನಾಡಿನ ನಿಪ್ಪಾಣಿಯಲ್ಲಿ ನೆರೆದ ಪ್ರಾಂತೀಯ ಬಹಿಷ್ಕೃತ ಪರಿಷತ್ತಿನಲ್ಲಿ ಭಾಗವಹಿಸಿ, 1927ರಲ್ಲಿ 'ಬಹಿಷ್ಕೃತ ಭಾರತ' ಎಂಬ ಮರಾಠಿ ಪತ್ರಿಕೆಯನ್ನು ಅವರು ಆರಂಭಿಸಿದರು. ಪತಿತ, ಅಂತ್ಯಜ ಎಂಬ ಹಳೆಯ ಮಾತುಗಳು ದೋಷವನ್ನು ಹೊರಗಿನವನ ಮೇಲೆ ಹೊರಿಸುತ್ತವೆ. ಬಹಿಷ್ಕೃತ ಎಂಬ ಭೂತಕೃದಂತವು ಹೊರಗಿಟ್ಟವನೊಬ್ಬನಿದ್ದಾನೆಂದು ಹೇಳದೆಯೇ ಹೇಳುತ್ತದೆ.

ಪದದ ಎರಡನೆಯ ಜನ್ಮವು ದೂರದ ಐರ್ಲೆಂಡಿನ ಘಟನೆಯೊಂದರೊಡನೆ ಕೂಡಿಕೊಂಡಿದೆ. 1880ರ ಶರತ್ಕಾಲದಲ್ಲಿ ಮೇಯೊ ಪ್ರಾಂತದ ಜಮೀನ್ದಾರನೊಬ್ಬನ ಪಾರುಪತ್ಯಗಾರನಾಗಿದ್ದ ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್ ಎಂಬಾತನಿಗೆ ಗೇಣಿದಾರರು ಸೇರಿ ಕೂಲಿಯನ್ನೂ ಅಂಗಡಿಯ ಸಾಮಾನನ್ನೂ ಮಾತನ್ನೂ ನಿಲ್ಲಿಸಿದರು. ಅವನ ಬೆಳೆಯನ್ನು ಕೀಳಲು ಬೇರೆ ಜಿಲ್ಲೆಗಳಿಂದ ಬಂದ ಐವತ್ತು ಮಂದಿಗೆ ಸೈನ್ಯದ ಕಾವಲು ಬೇಕಾಯಿತು. ಬಾಯ್ಕಾಟನ ಹೆಸರೇ ಅಂಥ ಅಸಹಕಾರಕ್ಕೆ ನಾಮಪದವೂ ಕ್ರಿಯಾಪದವೂ ಆಗಿ ಯೂರೋಪಿನ ಹಲವು ಭಾಷೆಗಳಿಗೆ ಹಬ್ಬಿತು. 1905ರಲ್ಲಿ ವಂಗವಿಭಜನೆಯ ವಿರುದ್ಧ ವಿದೇಶೀ ವಸ್ತ್ರಗಳನ್ನು ತ್ಯಜಿಸುವ ಚಳವಳಿ ಎದ್ದಾಗ, ತಿಲಕರೇ ಮೊದಲಾದವರು ಆ ಆಂಗ್ಲಶಬ್ದಕ್ಕೆ ಸಮನಾಗಿ ಬಹಿಷ್ಕಾರವೆಂಬ ಹಳೆಯ ಪದವನ್ನು ಬಳಕೆಗೆ ತಂದರು. ಆಯ್ಕೆಯು ಸಮರ್ಪಕವಾಗಿಯೇ ಇದ್ದಿತು. ಮೇಯೊ ಪ್ರಾಂತದವರು ಮಾಡಿದುದನ್ನು ನಮ್ಮ ಕಟ್ಟೆಮನೆಗಳು ಬಹುಕಾಲದಿಂದ ಮಾಡುತ್ತಲೇ ಬಂದಿದ್ದುವು, ಭೇದವೆಂದರೆ ಅಲ್ಲಿ ಹೊರಬಿದ್ದವನು ಬಲಿಷ್ಠನು. 1920ರ ಅಸಹಕಾರ ಚಳವಳಿಯಲ್ಲಿ ಶಾಸನಸಭೆ, ನ್ಯಾಯಾಲಯ, ಸರ್ಕಾರಿ ವಿದ್ಯಾಲಯಗಳ ತ್ರಿವಿಧ ಬಹಿಷ್ಕಾರವನ್ನು ಬೋಧಿಸಿದ ಗಾಂಧೀಜಿಯವರೇ, ಎದುರು ಪಕ್ಷದವರಿಗೆ ನೀರನ್ನೂ ವೈದ್ಯನನ್ನೂ ತಪ್ಪಿಸುವ ಸಾಮಾಜಿಕ ಬಹಿಷ್ಕಾರವನ್ನು ಹಿಂಸೆಯೆಂದು ಖಂಡಿಸಿದರು. ಇಂಗ್ಲೆಂಡಿಗೆ ಹೊರಟ ಅಪರಾಧಕ್ಕಾಗಿ 1888ರಲ್ಲಿ ಮೋಢ ಬನಿಯಾ ಜಾತಿಯಿಂದ ಹೊರಬಿದ್ದವರೂ, ತಮ್ಮನ್ನು ಬೀಳ್ಕೊಡಲು ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆಯ ದಂಡವೆಂಬುದನ್ನು ಕಿವಿಯಾರೆ ಕೇಳಿದವರೂ ಅವರಾಗಿದ್ದರು.

ಕಾನೂನು ಈ ಕ್ಷೇತ್ರವನ್ನು ಪ್ರವೇಶಿಸಿದುದು ನಿಧಾನವಾಗಿ. ಜಾತಿಭ್ರಷ್ಟನಾದ ಮಾತ್ರಕ್ಕೆ ಆಸ್ತಿಯ ಹಕ್ಕು ನಷ್ಟವಾಗದೆಂದು ಬ್ರಿಟಿಷ್ ಭಾರತದಲ್ಲಿ 1850ರ ಅಧಿನಿಯಮವು ವಿಧಿಸಿತು. ದುಂಡುಮೇಜಿನ ಪರಿಷತ್ತಿನ ಕಾಲದಲ್ಲಿ ಅಂಬೇಡ್ಕರ್ ಅವರು ಬರ್ಮಾ ದೇಶದ 1922ರ ಶಾಸನವನ್ನು ಮಾದರಿಯಾಗಿಟ್ಟುಕೊಂಡು ಬಹಿಷ್ಕಾರವನ್ನೇ ಅಪರಾಧವೆಂದು ಸಾರಬೇಕೆಂದು ಕೇಳಿದರು. ಸ್ವತಂತ್ರ ಭಾರತದ 1955ರ ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮದಲ್ಲಿ ಅದು ಅಂಶತಃ ಈಡೇರಿತು. ಮುಂಬಯಿ ಸರ್ಕಾರವು 1949ರಲ್ಲಿ ಜಾತಿಮತಗಳಿಂದ ಹೊರಹಾಕುವುದನ್ನು ತಡೆಯಲು ಮಾಡಿದ ಶಾಸನವನ್ನು, ದಾವೂದಿ ಬೊಹರಾ ಗುರುಗಳು ಹೂಡಿದ ದಾವೆಯಲ್ಲಿ, ಧರ್ಮಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ ರದ್ದುಪಡಿಸಿತು. ಪರಿಶಿಷ್ಟರ ಮೇಲಿನ ದೌರ್ಜನ್ಯಗಳ ತಡೆಗಾಗಿ ಆದ 1989ರ ಅಧಿನಿಯಮಕ್ಕೆ 2015ರಲ್ಲಿ ತಂದ ತಿದ್ದುಪಡಿಯು ಸಾಮಾಜಿಕ ಹಾಗೂ ಆರ್ಥಿಕ ಬಹಿಷ್ಕಾರಗಳಿಗೆ ಲಕ್ಷಣವನ್ನು ಹೇಳಿ, ಬಹಿಷ್ಕಾರದ ಬೆದರಿಕೆಯನ್ನೂ ಅಪರಾಧವಾಗಿಸಿತು. ಮಹಾರಾಷ್ಟ್ರವು 2016ರ ಶಾಸನದ ಮೂಲಕ ಜಾತಿಪಂಚಾಯತಿಗಳ ಈ ಅಧಿಕಾರವನ್ನೇ ಕಿತ್ತುಕೊಂಡಿತು. ಇಂಥ ಮೊಕದ್ದಮೆಗಳಲ್ಲಿ ತೊಡಕಾಗುವುದು ಸಾಕ್ಷ್ಯ. ಹೊಡೆತಕ್ಕೆ ಗಾಯವುಂಟು, ಕಳ್ಳತನಕ್ಕೆ ಮಾಲುಂಟು. ಮಾತನಾಡಿಸದಿದ್ದುದಕ್ಕೆ ಮಹಜರು ಬರೆಯುವುದು ಕಷ್ಟ. ಹೊರಗಿಟ್ಟವರನ್ನು ಕೇಳಿದರೆ ಯಾರೂ ಹೊರಗಿಟ್ಟಿಲ್ಲವೆಂದೇ ಹೇಳುತ್ತಾರೆ.

ಚುನಾವಣೆಯ ಋತುವಿನಲ್ಲಿ ಮಾತ್ರ ಈ ಪದವು ಗ್ರಾಮಗಳ ಬಾಯಿಗೆ ತತ್ಸಮರೂಪದಲ್ಲಿಯೇ ಬರುತ್ತದೆ. ರಸ್ತೆಯಿಲ್ಲ, ಸೇತುವೆಯಿಲ್ಲ, ಕೆರೆಗೆ ನೀರಿಲ್ಲವೆಂದು ಮುನಿದ ಊರು 'ಮತದಾನ ಬಹಿಷ್ಕಾರ' ಎಂದು ದೊಡ್ಡಕ್ಷರಗಳಲ್ಲಿ ಬರೆದ ಬಟ್ಟೆಯನ್ನು ಊರಬಾಗಿಲಿಗೆ ಕಟ್ಟುತ್ತದೆ. ತಹಶೀಲ್ದಾರರು ಬರುತ್ತಾರೆ, ಅರಳಿಕಟ್ಟೆಯ ಮೇಲೆ ಮಾತುಕತೆಯಾಗುತ್ತದೆ, ಎಷ್ಟೋ ವೇಳೆ ಮತಗಟ್ಟೆಯ ಬಾಗಿಲು ಮಧ್ಯಾಹ್ನದ ಮೇಲೆ ತುಂಬುತ್ತದೆ. ಮತ ಹಾಕಲೇಬೇಕೆಂಬ ಕಾನೂನು ಇಲ್ಲವಾದುದರಿಂದ ಅಧಿಕಾರಿಗಳು ಬೇಡಿಕೊಳ್ಳಬಲ್ಲರೇ ಹೊರತು ದಂಡಿಸಲಾರರು. 2013ರಿಂದ ಯಂತ್ರದಲ್ಲಿ 'ಮೇಲಿನ ಯಾರೂ ಅಲ್ಲ' ಎಂಬ ಗುಂಡಿಯೊಂದು ಬಂದಿದ್ದರೂ ಮುನಿದ ಊರುಗಳು ಅದನ್ನು ಅಷ್ಟಾಗಿ ಮೆಚ್ಚಿದಂತಿಲ್ಲ. ಆ ಗುಂಡಿಯನ್ನು ಒತ್ತುವುದಕ್ಕೆ ಒಳಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕು, ಒತ್ತಿದುದು ಯಾರೆಂದೂ ತಿಳಿಯದು, ತಹಶೀಲ್ದಾರರೂ ಊರಿಗೆ ಬರುವುದಿಲ್ಲ.